ಎಂಟನೇ ವೈರು

"ಏಳು ವೈರು ಸಾಕು ಅಂದಿದ್ದೆ. ಎಂಟನೇದು ಯಾರ ಅಪ್ಪನ ಮನೇದೋ?"

"ಭಾವ, ಕೂಗಬೇಡ್ರಿ. ಅದಕ್ಕೆ ಕೇಳಿಸ್ತೈತೆ."

"ಕೇಳಿಸ್ಲಿ. ಮೊದ್ಲು ನೀನು ಬಾಯಿ ಮುಚ್ಚು."

ಧಡ್ ಎಂದು ಮನೆಗಾಡಿಯ ಬಾಗಿಲು ಮುಚ್ಚಿತು. ಕೊಟ್ರೇಶನ ಪಂಚೆಯ ಚುಂಗು ಒಳಗೆ ಸಿಕ್ಕಿಕೊಂಡಿತು, ಕೊಟ್ರೇಶ ಹೊರಗೆ ಉಳಿದ. ಆದರೂ ಅವನ ಮುಖದಲ್ಲಿ ಮಗ ಮೊದಲ ರ‍್ಯಾಂಕ್ ಬಂದಷ್ಟು ಹೆಮ್ಮೆ.

"ನೋಡಿದ್ರಾ? ಈ ಮನೇಲಿ ಹೇಳಿದ ಮಾತು ಕೇಳೋದು ಇದೊಂದೇ."

ಕೊಟ್ರೇಶ ನನ್ನ ಹೆಂಡತಿಯ ತಮ್ಮ. ಹರಿಹರದಲ್ಲಿ ಸುಟ್ಟ ಮೋಟರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾನೆ. ಕೆಟ್ಟ ಮೋಟರು ತಂದುಕೊಟ್ಟರೆ ಬೇರೆಯವರು ರಿಪೇರಿ ಮಾಡುತ್ತಾರೆ, ಇವನು ಸುಧಾರಿಸುತ್ತಾನೆ. ಇವನು ಸುಧಾರಿಸಿದ ಪಂಪ್‌ಸೆಟ್ಟೊಂದು ಬಾವಿಯ ನೀರು ಎತ್ತುವುದು ಬಿಟ್ಟು ಬಾವಿಗೇ ಗಾಳಿ ಊದಿತು. ಕಪ್ಪೆಗಳಿಗೆ ಅನುಕೂಲವಾಯಿತು ಎಂದು ಕೇಳಿದ್ದೇನೆ.

ಇಂಥವನ ಕೈಗೆ ನಾನು ನನ್ನ ದೊಡ್ಡ ಜೀಪುಗಾಡಿ ಕೊಟ್ಟದ್ದು ಹೆಂಡತಿ ಶಿವಗಂಗಾಳ ಸಲುವಾಗಿ. ಅವಳಿಗೆ ಸಮುದ್ರ ನೋಡಬೇಕು. ಮದುವೆಯಾದಂದಿನಿಂದ ಇದೊಂದೇ ಆಸೆ. ಈಗ ಅವಳ ಮಂಡಿ ಸವೆದಿದೆ. ಎರಡು ಮೂರು ತಿಂಗಳಲ್ಲಿ ಆಪರೇಷನ್, ಆಮೇಲೆ ಮರಳಿನಲ್ಲಿ ನಡೆಯುವ ಮಾತು ಬಿಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಹೊರಗಿನ ಕಕ್ಕಸಿನಲ್ಲಿ ಅವಳಿಗೆ ಕೂರಲಾಗದು. ಅದಕ್ಕೇ ಕೊಟ್ರೇಶ ಹಾಸಿಗೆ, ಒಲೆ, ಕಕ್ಕಸು ಎಲ್ಲ ಇರುವ ಎಳೆಯುವ ಗಾಡಿಯೊಂದನ್ನು ಕಟ್ಟಿದ. ಅವನು ಅದಕ್ಕೆ ಕ್ಯಾಂಪರ್ ಎನ್ನುತ್ತಾನೆ, ನಾವು ಮನೆಗಾಡಿ ಎನ್ನುತ್ತೇವೆ.

ಅದನ್ನು ಎಳೆಯಲು ನನ್ನ ಗಾಡಿಯ ಹಳೆಯ ವೈರಿಂಗು ಸಾಲದಂತೆ. ಹಿಂದಿನ ಗಾಡಿಯ ದೀಪ, ಇಂಡಿಕೇಟರು, ಬ್ರೇಕು ಎಲ್ಲಕ್ಕೂ ಮುಂದಿನ ಗಾಡಿಯಿಂದ ವೈರು ಹೋಗಬೇಕು. ಅದು ನ್ಯಾಯ. ಎಲ್ಲ ಸೇರಿ ಏಳು ವೈರು. ಅಲ್ಲಿಗೆ ನಿಲ್ಲಿಸಿದ್ದರೆ ಅವನು ಮನುಷ್ಯನಾಗುತ್ತಿದ್ದ.

"ಎಂಟನೇದು ಕಿವಿ, ಭಾವ. ನೀವು ಮುಂದಿನ ಗಾಡ್ಯಾಗೆ ಕೂತು ಆಡೋ ಮಾತೂ ಕ್ಯಾಂಪರ್ ಒಳಗಿನ ಪೆಟ್ಟಿಗೆಗೆ ತಿಳೀತೈತೆ. ದೇವಿಮನೆ ಘಟ್ಟದಾಗೆ ನಿಮ್ಮ ಗಾಡಿಗೆ ದಮ್ಮು ಹತ್ತಿದ್ರೆ ಹಿಂದಿನ ಚಕ್ರದ ಮೋಟರು ತಾನೇ ತಳ್ತಾವೆ. ಮೇಲೆ ಬಿಸಿಲಿನ ಹಲಗೆ ಐತೆ, ಕರೆಂಟಿಗೆ ಬರ ಇಲ್ಲ. ಕನ್ನಡ ಪೂರ್ತಿ ಕಲ್ಸೀನಿ."

"ಕನ್ನಡ ನಿನಗೇ ಪೂರ್ತಿ ಬರಲ್ಲ. ನಿನ್ನ ಕಂಡ್ರೆ ನನ್ನ ಹೊಟ್ಟೆ ಉರೀತದೆ ಕಣೋ."

ಭಗ್ ಎಂದು ಮನೆಗಾಡಿಯೊಳಗಿನ ಒಲೆ ಹತ್ತಿಕೊಂಡಿತು. ಒಳಗೆ ಸಾಮಾನು ಜೋಡಿಸುತ್ತಿದ್ದ ಶಿವಗಂಗಾ ಕಿಟಕಿಯಿಂದ ತಲೆ ಹಾಕಿದಳು.

"ಹತ್ತಿದ್ದು ಹತ್ತಿತು, ಚಾ ಇಡ್ತೀನಿ. ಕುಡಿದು ಹೊರಡೋಣ. ನಿಮ್ಮಿಬ್ಬರ ಜಗಳ ಮುಗಿಯೋದ್ರೊಳಗೆ ಸಮುದ್ರ ಬತ್ತೀತು."

ಚಾ ಕುಡಿದೆವು. ಹೊರಟೆವು. ಮನೆಗಾಡಿಯ ಕಿಟಕಿಯಿಂದ ಅಕ್ಕಪಕ್ಕದ ಮನೆಯವರಿಗೆಲ್ಲ ಶಿವಗಂಗಾ ಕೈಬೀಸಿ, "ಹೋಗಿ ಬರ್ತೀವಿ," ಎಂದಳು.

ಊರು ದಾಟಿ ತುಂಗಭದ್ರೆಯ ಸೇತುವೆ ಮುಗಿಯುವವರೆಗೆ ಗಾಡಿ ಹೂವಿನ ಹಾಗೆ ಹೋಯಿತು. ಆಚೆ ದಡ ಮುಟ್ಟಿದ್ದೇ ತಡ, ಯಾರೋ ಹಿಂದಿನಿಂದ ಕಚ್ಚೆ ಹಿಡಿದು ಜಗ್ಗಿದಂತಾಯಿತು. ನಾನು ಆಕ್ಸಿಲರೇಟರು ತುಳಿದೆ. ಗಾಡಿ ಹಿಂದಕ್ಕೆ ಹೊರಟಿತು. ಇನ್ನೂ ತುಳಿದೆ. ಇನ್ನೂ ಜೋರಾಗಿ ಹಿಂದಕ್ಕೆ ಹೊರಟಿತು. ಹಿಂದಿನ ದೀಪ ಹಚ್ಚಿಕೊಂಡು, ರಿವರ್ಸ್ ಹಾರ್ನಿನ ಪೀಂ ಪೀಂ ರಾಗ ಹಾಡಿಕೊಂಡು ಸೇತುವೆ ಪೂರ್ತಿ ಹಿಂದೆ ಹಿಂದೆ ಬಂದೆವು. ಎದುರಿನಿಂದ ನಮ್ಮನ್ನೇ ನೋಡುತ್ತ ಬರುತ್ತಿದ್ದ ಲಾರಿ ಡ್ರೈವರು ಕೈಮುಗಿದ.

ಚೌಕದಲ್ಲಿ ಪೊಲೀಸಿನವನು ಸೀಟಿ ಊದಿದ. "ಏನ್ರಿ ಯಜಮಾನ್ರೆ, ಮುಖ ಆ ಕಡೆ, ನಡಿಗೆ ಈ ಕಡೆ?"

"ನನ್ನ ಭಾವಮೈದುನ ಎಂಜಿನಿಯರು," ಎಂದೆ. ಪಾಪ, ಬಿಟ್ಟುಬಿಟ್ಟ.

ಮನೆ ಮುಂದೆ ಹೊರಟ ಜಾಗದಲ್ಲೇ ಗಾಡಿ ನಿಂತಿತು. ಕೊಟ್ರೇಶ ಪೆಟ್ಟಿಗೆ ಬಿಚ್ಚಿದ, ಮೂಸಿದ, ಮುಚ್ಚಿದ.

"ವೈರಿಂಗ್‌ನಾಗೆ ಏನೂ ತಪ್ಪಿಲ್ಲ. ಅಕ್ಕ ಏನಂದ್ಲು? ಹೋಗಿ ಬರ್ತೀವಿ ಅಂದ್ಲು. ಅದು ಹೋತು, ಬಂತು."

"ಸಮುದ್ರ ಎಲ್ಲಿ ಹೋಯ್ತೋ ಮಧ್ಯದಲ್ಲಿ?"

"ಸಮುದ್ರದ ಹೆಸರು ಅವಳು ಎತ್ತಲಿಲ್ಲ. ಊರು ದಾಟಿದ್ರೆ ಹೋದಂಗೇ ಅಲ್ವಾ?"

"ಹಂಗಾದ್ರೆ ಎಂಟನೇ ವೈರು ಕಿತ್ತು ಬಿಸಾಕು."

"ಕೀಳಬಹುದು. ಬ್ರೇಕಿನ ವೈರೂ ಅದರ ಕೂಡೆ ಬರ್ತೈತೆ. ಘಟ್ಟ ಇಳಿಯೋವಾಗ ನೀವೇ ಕಾಲು ಊರಬೇಕು."

ಸರಿ, ಈ ಸಲ ಯಾರೂ ಬಾಯಿ ಬಿಡಕೂಡದು ಎಂದು ಕಟ್ಟಪ್ಪಣೆ ಮಾಡಿದೆ. ಕಳ್ಳರ ಹಾಗೆ ತುಟಿ ಬಿಗಿದು ಹೊರಟೆವು. ಪಕ್ಕದ ಮನೆಯ ಹಾಲಜ್ಜಿ ಕಟ್ಟೆಯ ಮೇಲೆ ಕೂತಿದ್ದಳು. ಹಲ್ಲಿಲ್ಲದ ಬಾಯಿ ತುಂಬ ಹರಸಿದಳು:

"ಸುಖವಾಗಿ ಹೋಗಿ ಬರ್ರವ್ವಾ."

ಸೇತುವೆ, ಆಚೆ ದಡ, ಪೀಂ ಪೀಂ. ಪೊಲೀಸಿನವನು ಈ ಸಲ ಸೀಟಿ ಊದಲಿಲ್ಲ, ದಾರಿ ಬಿಡಿಸಿಕೊಟ್ಟ.

ಇಳಿದವನೇ ಅಜ್ಜಿಯ ಮುಂದೆ ನಿಂತೆ. ಕೊಟ್ರೇಶನೂ ಓಡಿ ಬಂದ. "ಅಜ್ಜೀ, ಒಂದೇ ಒಂದು ಸಲ ಬರೇ 'ಹೋಗ್ರಿ' ಅನ್ನು. ಅಷ್ಟೇ ಸಾಕು."

"ಮುತ್ತೈದೆಗೆ ಹೋಗು ಅನ್ನಂಗಿಲ್ಲಪ್ಪ. ಅದು ಹೆಣಕ್ಕೆ ಅನ್ನೋ ಮಾತು."

ಹಂಗಾದರೆ ಸುಮ್ಮನೆ ಕೂರು ಎಂದರೆ, ಹೊರಟವರಿಗೆ ಒಳ್ಳೆ ಮಾತು ಆಡದೆ ಕೂರಲು ತಾನೇನು ಕಲ್ಲೇ ಎಂದಳು. ಬೀದಿಯಲ್ಲಿ ನೆರೆದವರೆಲ್ಲ ಅಜ್ಜಿಯ ಕಡೆ. ಒಬ್ಬರಿಗಿಂತ ಒಬ್ಬರು ಜೋರಾಗಿ ಹೋಗಿ ಬರ್ರಿ, ಹೋಗಿ ಬರ್ರಿ ಎಂದರು. ಮನೆಗಾಡಿಗೆ ಯಾರ ಮಾತು ಕೇಳಬೇಕೋ ತಿಳಿಯದೆ ನಿಂತಲ್ಲೇ ಮುಂದಕ್ಕೊಂದು ಗೇಣು ಹಿಂದಕ್ಕೊಂದು ಗೇಣು ತೊನೆಯಿತು, ದೇವರು ಮೈಮೇಲೆ ಬಂದವರ ಹಾಗೆ. ಒಳಗೆ ಪಾತ್ರೆಗಳು ಒಂದರ ಹಿಂದೊಂದು ಬಿದ್ದವು.

"ಅಕ್ಕಾ, ನೀನೇ ಹೋಗ್ತೀವಿ ಅಂದುಬಿಡು," ಎಂದ ಕೊಟ್ರೇಶ.

"ನನ್ನ ಹೊಸ್ತಿಲ ಮುಂದೆ ಆ ಅಪಶಕುನ ಯಾರ ಬಾಯಲ್ಲೂ ಬರಕೂಡದು," ಎಂದೆ ನಾನು. "ಸಮುದ್ರ ಎಲ್ಲಿಗೂ ಓಡಿಹೋಗಲ್ಲ. ಮುಂದಿನ ವರ್ಷ ನೋಡಿದ್ರಾಯ್ತು."

ಶಿವಗಂಗಾ ಬಿದ್ದ ಪಾತ್ರೆ ಎತ್ತಿಡುತ್ತಿದ್ದವಳು ಕಿಟಕಿಗೆ ಬಂದಳು. ಅವಳ ದನಿ ಮೆತ್ತಗಿತ್ತು. ಅಲ್ಲೇ ನಾನು ಎಚ್ಚರವಾಗಬೇಕಿತ್ತು.

"ಒಂದು ಸಲ ಶಿರಸಿ ತನಕ ಹೋಗಿದ್ವಿ. ಲಾಡ್ಜಿನವನ ಕೂಡೆ ಹೊದಿಕೆ ಸಲುವಾಗಿ ಜಗಳ ತೆಗೆದು ವಾಪಸ್ ಕರ್ಕೊಂಡು ಬಂದ್ರಿ. ಇನ್ನೊಂದು ಸಲ ಹಾವೇರೀಲಿ ಇಡ್ಲಿ ಗಟ್ಟಿ ಐತಂತ ವಾಪಸ್ ಬಂದ್ರಿ. ಗಾಡಿಗೆ ಬೈತೀರಲ್ಲ, ಅದು ನಿಮ್ಮನ್ನ ನೋಡೇ ಕಲ್ತೈತೆ."

"ಆ ಇಡ್ಲಿ ಗಟ್ಟಿ ಇತ್ತೋ ಇಲ್ವೋ?"

"ಇತ್ತು. ಸಮುದ್ರ ಮೆತ್ತಗಿತ್ತು."

ಬೀದಿಯವರು ನಕ್ಕರು. ಕೊಟ್ರೇಶನೂ ನಕ್ಕ. ನನ್ನ ತಲೆಗೆ ರಕ್ತ ಏರಿತು.

"ಅಕ್ಕ ತಮ್ಮ ಸೇರಿ ನನ್ನನ್ನೇ ಆಡ್ಕೋತೀರಾ? ನಿಮಗೂ ನನಗೂ ಇವತ್ತಿಗೆ ಸಂಬಂಧ ಮುಗೀತು."

ಟಕ್ ಎಂಬ ಸದ್ದಾಯಿತು. ನನ್ನ ಗಾಡಿಗೆ ಮನೆಗಾಡಿಯನ್ನು ಸೇರಿಸಿದ್ದ ಕಬ್ಬಿಣದ ಕೊಂಡಿ ತಾನೇ ಬಿಚ್ಚಿಕೊಂಡಿತು. ಎಂಟು ವೈರಿನ ಪ್ಲಗ್ಗು ನನ್ನ ಬಂಪರಿನಿಂದ ಕಳಚಿ ನೆಲಕ್ಕೆ ಬಿತ್ತು.

ಶಿವಗಂಗಾ ಕೊಂಡಿ ನೋಡಿದಳು, ನನ್ನನ್ನು ನೋಡಿದಳು, ಸೆರಗು ಸರಿಮಾಡಿಕೊಂಡಳು.

"ಸಮುದ್ರಕ್ಕೆ ಹೋಗ್ತೀನಿ," ಎಂದಳು.

ಹಾಲಜ್ಜಿ ಎರಡೂ ಕಿವಿ ಮುಚ್ಚಿಕೊಂಡಳು. ಚಕ್ರದ ಮೋಟರುಗಳು ಗುಂಯ್ ಎಂದವು. ನನ್ನ ಗಾಡಿಯನ್ನು ಸುತ್ತಿ ಬಳಸಿ, ಬಲ ಇಂಡಿಕೇಟರು ಮಿನುಗಿಸುತ್ತ ಮನೆಗಾಡಿ ಒಂದೇ ನಡೆಗೆ ಬೀದಿ ತಿರುಗಿತು. ನಾನು ಚೌಕದ ತನಕ ಓಡಿದೆ. ಪೊಲೀಸಿನವನು, "ಈಗ ಸರಿಯಾಗಿ ಹೋಗ್ತೈತೆ ಬಿಡ್ರಿ," ಎಂದು ಸಮಾಧಾನ ಹೇಳಿದ.

ಮರುದಿನ ಕುಮಟಾದಿಂದ ಫೋನು ಬಂತು. ಹಿಂದೆ ಅಲೆಯ ಸದ್ದು.

"ಭಾಳ ದೊಡ್ಡದೈತೆ ರೀ. ಮಂಡಿ ತನಕ ನೀರಾಗೆ ನಿಂತಿದ್ದೆ. ನೋವು ತಿಳೀವಲ್ದು."

"ಸಂತೋಷ. ಯಾವಾಗ ಬರ್ತೀಯ?"

ಅವಳು ಪಿಸುಗುಟ್ಟಿದಳು. "ಆ ಮಾತು ಬಾಯಿಗೆ ಬಂದ್ರೆ ಗಾಡಿ ಹೊರಟೇಬಿಡ್ತೈತೆ. ಒಲೆ ಮೇಲೆ ಅನ್ನಕ್ಕಿಟ್ಟೀನಿ. ಫೋನ್ ಇಡ್ಲಾ?"

ಇಟ್ಟಳು.

ನಾನೇ ಹೋಗಿ ಕರೆತರೋಣವೆಂದರೆ, ಪ್ಲಗ್ಗು ಕಿತ್ತುಬಂದ ನನ್ನ ಗಾಡಿಯನ್ನು ಕೊಟ್ರೇಶ ಸುಧಾರಿಸುತ್ತಿದ್ದಾನೆ. ಇದೆಲ್ಲ ಆಗಿ ಒಂದು ತಿಂಗಳಾಯಿತು. ಅನ್ನ ಇನ್ನೂ ಬೆಂದಿಲ್ಲವೆಂದು ಕಾಣುತ್ತದೆ.