ಮಾವನವರ ಹಲ್ಗಾಟಿ

ಬೀದಿಯ ತುದಿಯ ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಬೆಳಗಾಗುತ್ತಲೇ ಗೊರಗೊರ ಕೆಮ್ಮಿ, ಏದುಸಿರು ಬಿಟ್ಟು, ಕೊನೆಗೆ 'ಉಸ್ಸ್' ಎಂದು ಸುಮ್ಮನಾಗುತ್ತಿತ್ತು. ಆ 'ಉಸ್ಸ್' ಕಿವಿಗೆ ಬಿದ್ದಾಗಲೆಲ್ಲ ಲೆನ್ಸಪ್ಪನಿಗೆ ತನ್ನ ಮನಸ್ಸೇ ಬೀದಿಯಲ್ಲಿ ಕೂತು ನಿಟ್ಟುಸಿರು ಬಿಟ್ಟಂತೆ ಅನಿಸುವುದು. ತನ್ನ ವಿದ್ಯೆಗೆ ಈ ಲೋಕದಲ್ಲಿ ಮೂರು ಕಾಸಿನ ಬೆಲೆಯಿಲ್ಲ ಎಂಬುದು ಅವನ ಹಳೆಯ ಕೊರಗು.

ವಿದ್ಯೆ ಎಂದರೆ ಹೊಟ್ಟೆಪಾಡಿನ ವಿದ್ಯೆಯಲ್ಲ. ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿ ಇತ್ತು (ಲೆನ್ಸಪ್ಪ ಎಂಬ ಹೆಸರು ಅಂಟಿಕೊಂಡದ್ದೂ ಅಲ್ಲಿಂದಲೇ; ಹೆತ್ತವರು ಇಟ್ಟ ಹೆಸರು ಈಗ ವಿದ್ಯುತ್ ಬಿಲ್ಲಿಗೆ ಮಾತ್ರ ನೆನಪಿದೆ). ಅವನ ನಿಜವಾದ ವಿದ್ಯೆ ಬೇರೆ. ಹಳೆಯ ಕಾಲದ ರೇಸ್ ಕಾರಿನ ಫೋಟೋ ಒಂದನ್ನು ಮೂಗಿನ ಕೆಳಗೆ ಹಿಡಿದರೆ ಸಾಕು, ಅದು ಯಾವ ಕಾರು, ಯಾವ ಕಾಲದ್ದು, ಯಾವ ಮನೆತನದ್ದು ಎಂದು ಹೇಳಿಬಿಡುತ್ತಿದ್ದ. ಮೂತಿ ಕುದುರೆಲಾಳದ ಹಾಗಿದ್ದರೆ ಬುಗಾಟಿ. ಮೂತಿಗೂ ಮುಂದೆ, ಗಾಳಿ ಒತ್ತುವ ಡಬ್ಬಿಯೊಂದು ಗಂಟಲಗಡ್ಡೆಯಂತೆ ಜೋತುಬಿದ್ದಿದ್ದರೆ ಬೆಂಟ್ಲಿ. ಕಾರೆಲ್ಲ ಧೂಳಿನಲ್ಲಿ ಮುಳುಗಿ ಒಂದು ಚಕ್ರದ ಅರ್ಧ ಮಾತ್ರ ಕಂಡರೂ, ಅದರ ಕಡ್ಡಿಗಳನ್ನು ಎಣಿಸಿಯೇ ಜಾತಕ ಬರೆಯಬಲ್ಲ ಪುಣ್ಯಾತ್ಮ.

ಇಷ್ಟೆಲ್ಲ ಬಲ್ಲ ಲೆನ್ಸಪ್ಪನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ.

ಬೇರೆಯವರ ಮನೆಯಲ್ಲಾಗಿದ್ದರೆ ಇದನ್ನು ಮುಚ್ಚಿಡಬಹುದಿತ್ತು. ಅವನ ಗ್ರಹಚಾರಕ್ಕೆ ಹೆಂಡತಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಅವಳ ಆಫೀಸು, ಗೇಟಿನ ಬಳಿ ನಿಂತ ಬಿಳಿಯ ಸಣ್ಣ ಕಾರೇ ಪಾಠಶಾಲೆ. ಊರಿಗೆಲ್ಲ ಗೇರು ಹಾಕುವುದನ್ನು ಕಲಿಸಿದ ಆ ಮಹಾತಾಯಿ ಗಂಡನಿಗೆ ಮೂರು ದಿನ ಕಲಿಸಿ ಕೈಮುಗಿದಿದ್ದಳು.

"ಬ್ರೇಕು ಯಾವ ಕಾಲಲ್ಲಿ ಒತ್ತೋದು ಅಂತ ಗೊತ್ತಿಲ್ಲ. ಬ್ರೇಕಿನ ಮುತ್ತಜ್ಜನ ಹೆಸರು ಕೇಳಿ, ನಿಂತ ಕಾಲಲ್ಲೇ ಹೇಳ್ತಾರೆ" ಎಂದು ಕಲಿಯಲು ಬಂದವರ ಮುಂದೆಯೇ ಅನ್ನುವಳು.

"ಚರಿತ್ರೆ ಬೇರೆ, ಚಾಲನೆ ಬೇರೆ" ಎಂದು ಲೆನ್ಸಪ್ಪ ಘನವಾಗಿ ನುಡಿದು ಸೈಕಲ್ ಹತ್ತುವನು.

ಅವನ ಮಾನ ಉಳಿದಿದ್ದದ್ದು ಎರಡೇ ಕಡೆ. ಒಂದು, ಫೋನಿನೊಳಗಿನ 'ಮುಂಬಂಪರ್ ಬಳಗ'. ಅಲ್ಲಿ ಅವನಂಥವರೇ ಇದ್ದರು. ಒಬ್ಬರು ಹಳೆಯ ಫೋಟೋ ಹಾಕುವುದು, ಉಳಿದವರು ಗುರುತು ಹಿಡಿಯುವುದು. (ಹಳೆಯ ರೇಸ್ ಕಾರಿಗೆ ಬಂಪರೇ ಇರುವುದಿಲ್ಲ, ಬಳಗಕ್ಕೆ ಈ ಹೆಸರು ಯಾಕೆ ಎಂಬ ಜಗಳದಲ್ಲಿ ಅದು ಒಮ್ಮೆ ಇಬ್ಭಾಗವಾಗಿ ಮತ್ತೆ ಕೂಡಿತ್ತು.) ಬಳಗದ ನಿಯಮ ಒಂದೇ: ತಿಳಿದರೆ ಪುರಾವೆಯೊಡನೆ ಹೇಳು, ತಿಳಿಯದಿದ್ದರೆ 'ತಿಳಿಯದು' ಅನ್ನು. ಗೊತ್ತಿದ್ದೂ ಸುಳ್ಳು ಗುರುತು ಹೇಳಿದವನಿಗೆ ಅಲ್ಲಿ ಜಾಗವಿಲ್ಲ. ಈ ನ್ಯಾಯಪೀಠದ ಮೇಲೆ ಕೂತಿದ್ದವರು ಸ್ಪೋಕಜ್ಜ ಎಂಬ ನಿವೃತ್ತ ಹಲ್ಲಿನ ಡಾಕ್ಟರು. ಮಾತು ಕಮ್ಮಿ. ಹಲ್ಲು ಕಿತ್ತ ಹಾಗೆ ಒಂದೆರಡು ಶಬ್ದ ಬರೆದು ಸುಮ್ಮನಾಗುವವರು.

ಇನ್ನೊಂದು, ಮುಂದಿನ ಕೋಣೆಯ ಗೋಡೆಯ ಮೇಲಿದ್ದ ಮಾವನ ಫೋಟೋ.

ಕಪ್ಪು ಚೌಕಟ್ಟಿನೊಳಗೆ, ತೀರಿಹೋದ ಮಾವನವರು ರೇಸ್ ಕಾರಿನಲ್ಲಿ ಕೂತಿದ್ದರು. ಕೈಗಳೆರಡೂ ಸ್ಟಿಯರಿಂಗಿನ ಮೇಲೆ. ಕತ್ತಿನ ವಸ್ತ್ರ ಹಿಂದಕ್ಕೆ ಹಾರುತ್ತಿತ್ತು. ಕಣ್ಣು ಎಲ್ಲೋ ದೂರದ ತಿರುವಿನಲ್ಲಿ ನೆಟ್ಟಿತ್ತು. ಮದುವೆಗೆ ಮುಂಚೆ ಮೊದಲ ಸಲ ಅವರ ಮನೆಗೆ ಹೋದ ದಿನ ಲೆನ್ಸಪ್ಪ ಹುಡುಗಿಯ ಮುಖವನ್ನು ಸರಿಯಾಗಿ ನೋಡಿರಲಿಲ್ಲ, ಗೋಡೆ ನೋಡಿ "ರೇಸುಗಾರರ ಮನೆ!" ಎಂದು ಎದ್ದು ನಿಂತಿದ್ದ. ಅಂದಿನಿಂದ ಇಂದಿನವರೆಗೆ, ಕನ್ನಡಕಕ್ಕೆ ಬಂದವರಿಗೆ, ಕಾರು ಕಲಿಯಲು ಬಂದವರಿಗೆ, ಹಾಲಿನವನಿಗೆ, ಬಳಗಕ್ಕೆ, ಎಲ್ಲರಿಗೂ ಮಾವನ ಶೌರ್ಯವನ್ನು ವರ್ಣಿಸುತ್ತ ಬಂದಿದ್ದ. ವರ್ಣನೆ ಶುರುವಾದೊಡನೆ, ಫೋಟೋದೊಡನೆ ಮಗಳ ಮನೆಗೆ ಬಂದು ನೆಲೆಸಿದ್ದ ಅತ್ತೆ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವರು. ಹೆಂಡತಿ ನೀರು ಕುಡಿಯಲೆಂದು ಒಳಗೆ ಹೋಗುವಳು. ಪಾಪ, ದುಃಖ ಇನ್ನೂ ಹಸಿಯಾಗಿದೆ ಎಂದು ಲೆನ್ಸಪ್ಪ ದನಿ ತಗ್ಗಿಸುವನು.

ಆ ಕಾರು ಯಾವುದೆಂದು ಮಾತ್ರ ಅವನಿಗೆ ಖಚಿತವಿರಲಿಲ್ಲ. ಕಿಟಕಿಯ ಬೆಳಕು ಗಾಜಿನ ಮೇಲೆ ಬಿದ್ದು ಅರ್ಧ ಕಾರು ಹೊಳಪಿನಲ್ಲಿ ಕರಗಿರುತ್ತಿತ್ತು. ಕೆಳಭಾಗವನ್ನು ಅಗಲವಾದ ಬಿಳಿ ರಟ್ಟಿನ ಅಂಚು ಮುಚ್ಚಿತ್ತು. ಕಾಣುತ್ತಿದ್ದದ್ದು ಕುದುರೆಲಾಳದ ಮೂತಿಯೊಂದೇ. ಬಿಚ್ಚಿ ನೋಡಲೇ ಎಂದಾಗಲೆಲ್ಲ ಅತ್ತೆ, "ಬೇಡಿ ಅಳಿಯಂದ್ರೇ, ಗೋಡೆ ಮೇಲಿರೋದು ಗೋಡೆ ಮೇಲೇ ಚೆಂದ" ಎಂದು ತಡೆಯುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಹೆಂಡತಿ ಸ್ಕೂಲಿನ ಬೋರ್ಡು ತುಕ್ಕು ಹಿಡಿದಿದೆ, ಹೊಸದು ಬರೆಸಬೇಕು ಅಂದಳು.

"ಬೋರ್ಡಿನ ಮೇಲೆ ಅಪ್ಪನ ಕಾರು ಬರೆಸ್ತೀನಿ. ಕೆಳಗೆ ಅದರ ಹೆಸರೂ ಇರ್ಬೇಕು. ನಾಳೆ ಪೇಂಟರ್ ಬರ್ತಾನೆ. ಹೆಸರು ಹೇಳೋದು ನಿಮ್ಮ ಕೆಲಸ."

ಲೆನ್ಸಪ್ಪನ ಎದೆ ಗಾಳಿ ಹೊಡೆದ ಟ್ಯೂಬಿನಂತಾಯಿತು. ಅದಕ್ಕಿಂತ ದೊಡ್ಡ ಆಶ್ಚರ್ಯ, ಅತ್ತೆ ತಾವೇ ಕುರ್ಚಿ ಎಳೆದು ಫೋಟೋ ಇಳಿಸಿ ಅವನ ಕೈಗಿಟ್ಟರು.

"ಈ ಸಲ ಬಿಚ್ಚೇ ನೋಡಿ ಅಳಿಯಂದ್ರೇ. ಚೆನ್ನಾಗಿ ನೋಡಿ. ಮೇಲಿಂದ ಕೆಳಗಿನವರೆಗೆ."

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನದೆಲ್ಲ ನೆನಪಾಗಿರಬೇಕು ಎಂದುಕೊಂಡು ಅವನು ಫೋಟೋವನ್ನು ಎದೆಗವುಚಿ ಅಂಗಡಿಗೆ ಹೋದ.

ಅಂಗಡಿಯಲ್ಲಿ ಒಬ್ಬ ಬಡಗಿ ಕಣ್ಣು ಪರೀಕ್ಷೆಗೆ ಕಾದಿದ್ದ. ಅವನ ಮೂಗಿನ ಮೇಲೆ ಪರೀಕ್ಷೆಯ ಕಬ್ಬಿಣದ ಕನ್ನಡಕ ಕೂರಿಸಿ, ಗೋಡೆಯ ಅಕ್ಷರ ಓದಲು ಹೇಳಿ, ಲೆನ್ಸಪ್ಪ ಇತ್ತ ಮೇಜಿನ ಮೇಲೆ ಚೌಕಟ್ಟು ಬಿಚ್ಚಿ ಭೂತಗನ್ನಡಿ ಹಿಡಿದ.

ಮೂತಿ ಬುಗಾಟಿಯದೇ. ಸರಿ. ಆದರೆ ಬಾಲ? ಆ ಬಾಲ ಹುಟ್ಟುವ ಹೊತ್ತಿಗೆ ಆ ಮೂತಿ ಮುದಿಯಾಗಿ ಮ್ಯೂಸಿಯಂ ಸೇರಿತ್ತು. ಮುಂದಿನ ಚಕ್ರಕ್ಕೆ ತೆಳ್ಳಗಿನ ತಂತಿಕಡ್ಡಿ, ಹಿಂದಿನದಕ್ಕೆ ದಪ್ಪ ಪಟ್ಟಿ. ಹೊಗೆಕೊಳವೆ ಬಾನೆಟ್ಟಿನಿಂದ ಹೊರಬಂದು, ಒಂದು ಗಳಿಗೆ ಲೋಕ ನೋಡಿ, ಬೇಜಾರಾಗಿ ಮತ್ತೆ ಒಳಕ್ಕೇ ಹೋಗಿತ್ತು. ತಾತ, ಮಗ, ಮೊಮ್ಮಗ ಮೂವರೂ ಒಂದೇ ಅಂಗಿಯಲ್ಲಿ ತೂರಿಕೊಂಡಂಥ ಕಾರು. ಇಷ್ಟು ವರ್ಷದ ವಿದ್ಯೆ ಮಾವನ ಮುಂದೆ ಮಂಡಿಯೂರುತ್ತಿದೆಯೇ?

ಕೊನೆಗೆ ಅವನು ಬಿಳಿ ರಟ್ಟಿನ ಅಂಚನ್ನು ಮೆಲ್ಲನೆ ಎಬ್ಬಿಸಿದ.

ಕಾರಿನ ಹೊಟ್ಟೆಯ ಕೆಳಗೆ, ಎರಡು ಚಕ್ರಗಳ ನಡುವೆ, ಒಂದು ಜೊತೆ ಚಪ್ಪಲಿ ಇತ್ತು.

ಚಪ್ಪಲಿಯೊಳಗೆ ಪಾದಗಳಿದ್ದವು. ಪಾದಗಳ ಪಕ್ಕದಲ್ಲಿ ಸ್ಟೂಲಿನ ಕಾಲು. ಕಾರಿನ ಚಕ್ರಗಳು ನೆಲ ಮುಟ್ಟಿದ ಕಡೆ, ಹಲಗೆಯನ್ನು ಗರಗಸದಲ್ಲಿ ಕೊಯ್ದ ಸಿಬಿರು. ಹಾರುವ ವಸ್ತ್ರದ ತುದಿಯಿಂದ ಒಂದು ಸಣ್ಣ ದಾರ ಹೊರಟು ಫೋಟೋದ ಅಂಚಿನಲ್ಲಿ ಮಾಯವಾಗಿತ್ತು. ಸ್ಟುಡಿಯೋದ ಬಣ್ಣದ ಹಲಗೆ! ಅದರ ಹಿಂದೆ ಸ್ಟೂಲು ಹಾಕಿಕೊಂಡು ಮಾವನವರು ಶರವೇಗದಲ್ಲಿ ಸುಮ್ಮನೆ ಕೂತಿದ್ದರು.

ಲೆನ್ಸಪ್ಪ ಭೂತಗನ್ನಡಿ ಇಳಿಸಿದ. ಕಣ್ಣಲ್ಲಿ ನೀರು ತುಂಬಿತ್ತು. ಅದನ್ನು ಕಂಡ ಬಡಗಿ ಕುರ್ಚಿಯ ಅಂಚಿಗೆ ಸರಿದು, "ಹೇಳಿಬಿಡಿ ಸಾರ್, ಎರಡೂ ಕಣ್ಣು ಹೋದ್ವಾ?" ಎಂದ.

"ನಿಂದಲ್ಲಪ್ಪ, ನಂದು" ಎಂದ ಲೆನ್ಸಪ್ಪ.

ಸಂಜೆಯವರೆಗೂ ಅವನು ಒಳಗೊಳಗೇ ಬೇಯುತ್ತಿದ್ದ. ನಿಜ ಹೇಳಿದರೆ ಏನಾದೀತು? ಗಂಡನ ಶೌರ್ಯವೊಂದನ್ನೇ ನೆಚ್ಚಿಕೊಂಡ ಆ ಹಿರಿಯ ಜೀವ ಒಡೆದುಹೋದೀತು. ರೇಸುಗಾರನ ಮಗಳೆಂಬ ಹೆಮ್ಮೆಯಲ್ಲಿ ಲಾರಿಗಳ ನಡುವೆ ಕಾರು ನುಗ್ಗಿಸುವ ಹೆಂಡತಿಯ ಕೈ ನಾಳೆಯಿಂದ ನಡುಗೀತು. ಸುಳ್ಳು ಹೇಳಿದರೋ, ತನ್ನ ಬಳಿ ಇರುವ ಒಂದೇ ಒಂದು ಸತ್ಯವ್ರತ ಮಣ್ಣುಪಾಲು. ಅತ್ತ ದರಿ, ಇತ್ತ ಪುಲಿ, ನಡುವೆ ಚಪ್ಪಲಿ. ಅವನು ರಟ್ಟನ್ನು ಮೊದಲಿನಂತೆಯೇ ಕೂರಿಸಿ, ಚೌಕಟ್ಟು ಮುಚ್ಚಿ, ಭಾರವಾದ ಸೈಕಲ್ ತುಳಿದುಕೊಂಡು ಮನೆಗೆ ಬಂದ.

ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು. "ಸಿಕ್ತಾ ಹೆಸರು?"

"ಸಿಕ್ಕಿತು" ಎಂದ. ಹೆಸರೂ ಆ ಕ್ಷಣಕ್ಕೇ ಹುಟ್ಟಿತು. ಮುಂದೆ ಹಲಗೆ, ಹಿಂದೆ ಬುಗಾಟಿ. "ಹಲ್ಗಾಟಿ."

ಅತ್ತೆಗೆ ಕೆಮ್ಮು ಹತ್ತಿತು. ಹೆಂಡತಿಯ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು.

"ಹಲ್ಗಾಟಿ?"

"ಬಹಳ ಅಪರೂಪ. ಜಗತ್ತಿನಲ್ಲಿ ಒಂದೇ ಒಂದು ತಯಾರಾಗಿದ್ದು." (ಇದು ನಿಜ.) "ಪೂರ್ತಿ ಕೈಕೆಲಸ." (ಇದೂ ನಿಜ.) "ಇಂಜಿನ್ನಿನ ಸದ್ದೇ ಕೇಳ್ತಿರ್ಲಿಲ್ಲ. ಅದು ಕೆಟ್ಟು ನಿಂತ ದಾಖಲೆ ಎಲ್ಲೂ ಇಲ್ಲ." (ಸತ್ಯಕ್ಕೆ ಕೂದಲೆಳೆಯಷ್ಟೂ ಕೊಂಕಿಲ್ಲ.)

"ಕೆಳಗಡೆ ಎಲ್ಲ ನೋಡಿದ್ರಾ?"

"ನೋಡಿದೆ."

"ಏನಿತ್ತು?"

"ನೆಲ ಇತ್ತು."

ಹೆಂಡತಿ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಆಮೇಲೆ ತಲೆತಗ್ಗಿಸಿ ಊಟ ಮುಗಿಸಿದಳು. ಹೆಮ್ಮೆಯಿಂದ ಮಾತು ಹೊರಡುತ್ತಿಲ್ಲ ಎಂದುಕೊಂಡ ಲೆನ್ಸಪ್ಪ. ಪಾಪಪ್ರಜ್ಞೆಯ ನಡುವೆಯೂ ತ್ಯಾಗದ ಒಂದು ತಂಪು ಅವನೆದೆಗೆ ಬೀಸಿತು. ಆ ತಂಪಿನಲ್ಲಿ ಮರುದಿನ ಅವನು ಫೋನನ್ನು ಮನೆಯಲ್ಲೇ ಮರೆತು ಅಂಗಡಿಗೆ ಹೋದ.

ಮಧ್ಯಾಹ್ನ ಊಟಕ್ಕೆ ಬಂದಾಗ ಗೇಟಿನ ಬಳಿ ಏಣಿ ಇತ್ತು. ಏಣಿಯ ಮೇಲೆ ಪೇಂಟರ್ ಬೋರ್ಡಿನ ಕೊನೆಯ ಮೊಳೆ ಬಡಿಯುತ್ತಿದ್ದ. ಹೊಸ ಬೋರ್ಡು ಬಿಸಿಲಿಗೆ ಫಳಫಳಿಸುತ್ತಿತ್ತು. ಕುದುರೆಲಾಳದ ಮೂತಿ. ಕಾಲ ತಪ್ಪಿ ಹುಟ್ಟಿದ ಬಾಲ. ಕೆಳಗೆ ದಪ್ಪ ಅಕ್ಷರದಲ್ಲಿ 'ಹಲ್ಗಾಟಿ'. ಎರಡು ಚಕ್ರಗಳ ನಡುವೆ, ಬೆರಳು ಬೆರಳೂ ಎಣಿಸುವಷ್ಟು ಮುದ್ದಾಗಿ, ಒಂದು ಜೊತೆ ಚಪ್ಪಲಿಗಾಲು.

ಲೆನ್ಸಪ್ಪನ ಸೈಕಲ್ ಏಣಿಗೆ ಗುದ್ದಿ ನಿಂತಿತು.

"ಏನಯ್ಯಾ ಇದು!"

"ಅಮ್ಮ ರಟ್ಟು ತೆಗೆದು ಪೂರಾ ಫೋಟೋ ಕೊಟ್ರು" ಎಂದ ಪೇಂಟರ್ ಮೇಲಿನಿಂದ. "ಫೋಟೋದಲ್ಲಿ ಇರೋದನ್ನ ಬಿಟ್ಟು ಬರೆಯೋ ಅಭ್ಯಾಸ ನಂಗಿಲ್ಲ ಸಾರ್."

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಹಿಂದೆ ಅತ್ತೆ. ಬಿಳಿ ಕಾರಿನಲ್ಲಿ ಪಾಠಕ್ಕೆ ಕಾದಿದ್ದ ಬ್ಯಾಂಕಿನ ಗುಮಾಸ್ತೆ ಕಿಟಕಿಯ ಗಾಜು ಇಳಿಸಿಕೊಂಡಳು.

"ನೀನು... ನೋಡಿಬಿಟ್ಯಾ?" ಎಂದ ಲೆನ್ಸಪ್ಪ. "ಅತ್ತೇ, ನೀವು ಕೂತ್ಕೊಳ್ಳಿ. ಧೈರ್ಯ ತಂದ್ಕೊಳ್ಳಿ."

"ನಾನ್ಯಾಕೆ ಧೈರ್ಯ ತಂದ್ಕೋಬೇಕು?" ಎಂದರು ಅತ್ತೆ. "ಆ ಹಲಗೆ ಬರೆದೋರೇ ನಮ್ಮವರು. ಸ್ಟುಡಿಯೋಗೆ ಪರದೆ, ಹಲಗೆ ಬರೆಯೋದೇ ಅಲ್ವಾ ಅವರ ಕೆಲಸ. ಹಳೇ ಪತ್ರಿಕೆ ನೋಡಿ ಒಂದರ ಮೂತಿ, ಇನ್ನೊಂದರ ಬಾಲ. ಕಾರಿಗೆ ಎಷ್ಟು ಚಕ್ರ ಅಂತ್ಲೂ ನನ್ನೇ ಕೇಳ್ತಿದ್ರು."

"ಮತ್ತೆ ರೇಸು?"

"ರೇಸು ಅಂದೋರು ಯಾರು?" ಎಂದಳು ಹೆಂಡತಿ. "ನಾವು ಯಾವತ್ತಾದ್ರೂ ಹೇಳಿದ್ವಾ? ನೀವೇ ಬಂದ್ರಿ, ನೀವೇ ಗೋಡೆ ನೋಡಿದ್ರಿ, ನೀವೇ ರೇಸು ಗೆಲ್ಲಿಸಿದ್ರಿ. ನಾನು ಚಿಕ್ಕೋಳಿದ್ದಾಗ ಆ ಹಲಗೆ ಹಿಂದೆ ಕೂತೇ ನಂಗೆ ಡ್ರೈವಿಂಗ್ ಹುಚ್ಚು ಹಿಡಿದಿದ್ದು. ಅದಕ್ಕೇ ಬೋರ್ಡಿಗೆ ಬರೆಸಿದ್ದು."

"ಹಾಗಾದ್ರೆ ಆ ರಟ್ಟು..."

"ನಿಮಗೋಸ್ಕರ ಹಾಕ್ಸಿದ್ದು ಅಳಿಯಂದ್ರೇ" ಎಂದರು ಅತ್ತೆ. "ಅಷ್ಟು ಸಂತೋಷವಾಗಿ ಊರಿಗೆಲ್ಲ ಹೇಳ್ಕೊಂಡು ಓಡಾಡ್ತಿದ್ರಿ. ಮನಸ್ಸು ಮುರಿಯೋದು ಹೇಗೆ? ನಗು ತಡೆದೂ ತಡೆದೂ ನನ್ನ ದವಡೆಗೆ ನೋವು ಬಂತು. ಇನ್ನಾದ್ರೂ ಗೊತ್ತಾಗ್ಲಿ, ಬಿಚ್ಚಿ ನೋಡ್ಲಿ, ಬಂದು ಒಟ್ಟಿಗೆ ನಗೋಣ ಅಂತ ನಿನ್ನೆ ಕೊಟ್ರೆ..."

"ಬಂದು ಹಲ್ಗಾಟಿ ಅಂದ್ರು" ಎಂದು ಹೆಂಡತಿ ಮುಗಿಸಿದಳು. "ಅಮ್ಮಂಗೆ ಹೇಳಿದ್ದೆ ನಾನು. ನಮ್ಮವರು ಬೇರೆ ಏನು ಬೇಕಾದ್ರೂ ಮಾಡ್ತಾರೆ, ಕಾರಿನ ಫೋಟೋ ವಿಷಯದಲ್ಲಿ ಮಾತ್ರ ಸುಳ್ಳು ಹೇಳಲ್ಲ ಅಂತ. ನಿಜವಾಗ್ಲೂ ಅಂಥ ಕಾರು ಇರಬಹುದೇನೋ, ನಮಗೇ ಗೊತ್ತಿಲ್ಲವೇನೋ ಅಂತ ಒಂದು ಗಳಿಗೆ ನಂಬಿದೆ ಕೂಡ. ಅದಕ್ಕೇ ನಿಮ್ಮ ಬಳಗದಲ್ಲೇ ಕೇಳ್ಬಿಟ್ಟೆ."

ಅವನು ಮನೆಯಲ್ಲೇ ಮರೆತಿದ್ದ ಫೋನನ್ನು ಅವಳು ಮುಂದೆ ಹಿಡಿದಳು. ಪೂರಾ ಫೋಟೋ, ಚಪ್ಪಲಿ ಸಮೇತ. ಕೆಳಗೆ ಅವಳ ಸಾಲು: 'ನಮ್ಮ ಮನೆಯವರು ಇದನ್ನು ಹಲ್ಗಾಟಿ ಎಂದು ಗುರುತಿಸಿದ್ದಾರೆ, ಸರಿಯೇ?' ಅದರ ಕೆಳಗೆ ಬಳಗದವರ ಮೌನ. ಮೌನದ ಕೆಳಗೆ ಸ್ಪೋಕಜ್ಜ.

'ಚಪ್ಪಲಿ ಚರ್ಮದ್ದು. ಕಾರು ತಿಳಿಯದು.'

ಆಮೇಲೆ ಮತ್ತೊಂದು ಸಾಲು. 'ಗುರುತು ಹೇಳಿದವರು ಉತ್ತರಿಸಲಿ.'

"ಈಗ ಒಂದೇ ಮಾತು ಹೇಳಿ" ಎಂದಳು ಹೆಂಡತಿ. "ಚಪ್ಪಲಿ ಕಂಡಿತ್ತಾ, ಇಲ್ವಾ?"

ಕಂಡಿತ್ತು ಎಂದರೆ ಬಳಗವಿಲ್ಲ, ಹೆಂಡತಿಯ ನಂಬಿಕೆಯೂ ಇಲ್ಲ. ಕಾಣಲಿಲ್ಲ ಎಂದರೆ? ಕಾರಿನೊಳಗಿದ್ದ ಗುಮಾಸ್ತೆ ಹೋದ ವಾರವಷ್ಟೇ ಅವನ ಅಂಗಡಿಯಲ್ಲಿ ಮಾಡಿಸಿಕೊಂಡ ಕನ್ನಡಕವನ್ನು ತೆಗೆದು, ಅನುಮಾನದಿಂದ ಹಿಂದೆಮುಂದೆ ತಿರುಗಿಸಿ ನೋಡುತ್ತಿದ್ದಳು. ಏಣಿಯ ಮೇಲಿದ್ದ ಪೇಂಟರ್ ಕೂಡ ಸುತ್ತಿಗೆ ನಿಲ್ಲಿಸಿ ಕಿವಿಗೊಟ್ಟ.

ಬೀದಿಯ ತುದಿಯಲ್ಲಿ ಯಂತ್ರ 'ಉಸ್ಸ್' ಅಂದಿತು. ಏಣಿಗೆ ಗುದ್ದಿದ ಸೈಕಲ್ಲಿನ ಮುಂದಿನ ಚಕ್ರವೂ ಅದಕ್ಕೆ ಓಗೊಟ್ಟಂತೆ ಮೆಲ್ಲಗೆ ಗಾಳಿ ಬಿಡುತ್ತಿತ್ತು. ಲೆನ್ಸಪ್ಪ ಬಗ್ಗಿ ಅದನ್ನು ನೋಡಿದ. ಆಮೇಲೆ ಸೈಕಲನ್ನು ತಿರುಗಿಸಿ, ಪಂಕ್ಚರ್ ಅಂಗಡಿಯ ಕಡೆಗೆ ತಳ್ಳತೊಡಗಿದ.

"ರೀ, ಉತ್ತರ!"

"ಕಂಡಿತ್ತು ಕಣೇ" ಎಂದ ಅವನು, ತಿರುಗಿ ನೋಡದೆ, ನಡೆಯುತ್ತಲೇ. "ಚೆನ್ನಾಗೇ ಕಂಡಿತ್ತು. ಆದ್ರೆ ನೀವಿಬ್ರೂ ಅದನ್ನೇ ನಂಬ್ಕೊಂಡು ಅಷ್ಟು ಸಂತೋಷವಾಗಿ ಇದ್ದೀರಲ್ಲ ಅಂತ, ಒಂದು ಜೊತೆ ಚಪ್ಪಲಿಗೋಸ್ಕರ ನಿಮ್ಮ ಮನಸ್ಸು ಮುರಿಯೋದು ಹೇಗೆ ಅಂತ, ನಾನು ಹಲ್ಗಾಟಿ ಅಂದುಬಿಟ್ಟೆ."