ಬೆನ್ನ ಮೇಲೆ ಮೊಟ್ಟೆ ಹೊತ್ತ ಗಂಡಸು

ಧೈರ್ಯವೆಂಬುದು ಮನುಷ್ಯನಿಗೆ ಎಲ್ಲ ಕೆಲಸಕ್ಕೂ ಒಂದೇ ಅಳತೆಯಲ್ಲಿ ಸಿಕ್ಕಿರುವುದಿಲ್ಲ. ರಾವಂದೂರಿನಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಕೈ ನಡುಗದೆ ಎತ್ತಿಡುತ್ತೇನೆ. ಆದರೆ ಎರಡು ತಿಂಗಳ ಮಗಳನ್ನು ಎತ್ತಿಕೊಳ್ಳಲು ಮಾತ್ರ ಕೈಯೇ ಬರುತ್ತಿರಲಿಲ್ಲ. ಆ ಕುತ್ತಿಗೆ! ವಾಲಿದರೆ? ಜಾರಿದರೆ? ಯಾರಾದರೂ ಕೂಸನ್ನು ನನ್ನತ್ತ ಚಾಚಿದರೆ ಸಾಕು, ಎಲ್ಲಿಂದಲೋ ಕೆಮ್ಮು ಬಂದುಬಿಡುತ್ತಿತ್ತು. ಬಾಣಂತನಕ್ಕೆ ಬಂದಿದ್ದ ಅತ್ತೆ ಕಂಡೂ ಕಾಣದಂತಿದ್ದರು. ಅವರು ತಮ್ಮೂರು ಭೇರ್ಯಕ್ಕೆ ಹೊರಡುವ ದಿನ ಹತ್ತಿರವಾದಂತೆ ನನ್ನ ಹೆಂಡತಿ ಸವಿತಾಳ ಮುಖ ಸಣ್ಣದಾಯಿತು. "ಅವ್ವ ಹೋದ್ಮೇಲೆ ನಾನು ಸ್ನಾನಕ್ಕೆ ಹೋಗ್ಬೇಕಾದ್ರೂ ಮಗೀನ ಯಾರ್ ಕೈಗೆ ಕೊಡ್ಲಿ?" ಎಂದು ಕೇಳಿದಳು. ಹಿತ್ತಲಿನ ತೊಟ್ಟಿ ಪಾಚಿ ಕಟ್ಟಿದೆಯೆಂದು ತೊಳೆಯಲು ಎದ್ದುಹೋದೆ.

ಬಗ್ಗಿ ತಳ ಉಜ್ಜುತ್ತಿದ್ದಾಗ ಬೆರಳಿಗೆ ಕಾದ ಸೂಜಿ ಚುಚ್ಚಿದಂತಾಗಿ ಕೂಗಿಕೊಂಡೆ. ಚೊಂಬಿನಲ್ಲಿ ಹಿಡಿದು ನೋಡಿದರೆ ಕಂದು ಬಣ್ಣದ, ಚಪ್ಪಟೆಯಾದ ನೀರುತಿಗಣೆ. ಬೆನ್ನ ತುಂಬ ಅಕ್ಕಿಕಾಳು ನೆಟ್ಟಂತೆ ಏನೋ. ವಿಷವಿರಬಹುದೆಂದು ಹೆದರಿ ಫೋಟೊ ತೆಗೆದು, ಹುಣಸೂರಿನಲ್ಲಿ ಜೀವಶಾಸ್ತ್ರದ ಮೇಷ್ಟ್ರಾಗಿರುವ ಗೆಳೆಯ ಮಂಜುವಿಗೆ ಕಳಿಸಿದೆ. "ಸಾಯಕಿಲ್ಲ ಬುಡು, ನೋವು ಹೋಯ್ತದೆ," ಎಂದು ಅವನು ಫೋನಿನಲ್ಲಿ ನಕ್ಕ. "ಆದ್ರೆ ಅದು ಗಂಡು ಕಣ್ಲಾ. ಬೆನ್ ಮೇಲಿರೋದು ಮೊಟ್ಟೆ. ಹೆಣ್ಣು ಅಂಟಿಸ್ಬುಟ್ಟು ಹೋಯ್ತದೆ, ಮರಿ ಆಗೋಗಂಟ ಇವ್ನೇ ಹೊತ್ಕೊಂಡು ತಿರುಗ್ತಾನೆ." ಕೈ ಒದ್ದೆಯಿದ್ದುದರಿಂದ ಫೋನು ಸ್ಪೀಕರಿನಲ್ಲಿತ್ತು. ನನ್ನ ಕೂಗಿಗೆ ಓಡಿಬಂದಿದ್ದ ಸವಿತಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಏನೂ ಹೇಳದೆ ಒಳಗೆ ಹೋದಳು. ಏನಾದರೂ ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಹುಳವನ್ನು ಕೆರೆಗೆ ಒಯ್ದು ಬಿಟ್ಟೆ. ಅದು ಬೆನ್ನನ್ನು ತುಸು ನೀರಿನ ಮೇಲಿಟ್ಟುಕೊಂಡು, ಆತುರವಿಲ್ಲದೆ ಜೊಂಡಿನ ಬುಡ ಸೇರಿತು. ಹೊರುವುದನ್ನು ಅದಕ್ಕೆ ಯಾರೂ ಹೇಳಿಕೊಟ್ಟಿರಲಾರರು. ನನಗಾದರೋ ಹೇಳಿಕೊಡುವವರು ಮನೆಯಲ್ಲೇ ಇದ್ದರು, ಅದೂ ಇನ್ನು ಕೆಲವೇ ದಿನ. ನೇರವಾಗಿ ಬಂದು ಅತ್ತೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತೆ. "ಹೆಂಗೆ ಎತ್ಕೋಬೇಕು, ತೋರ್ಸಿ ಅತ್ತೆ."

ಅತ್ತೆ ನಗಲಿಲ್ಲ. ಕೂಸನ್ನು ನನ್ನ ತೋಳಿಗೆ ಇಳಿಸಿ, "ತಲೆ ಕೆಳ್ಗೆ ಒಂದು ಕೈ ಕೊಡಿ. ಅಂಗೇ... ಈಗ ಉಸ್ರು ಬುಡಿ ಅಳಿಯಂದ್ರೇ, ನೀವು," ಎಂದರು. ಮಗಳು ಒಮ್ಮೆ ನನ್ನ ಮುಖ ನೋಡಿ, ಆಕಳಿಸಿ, ನಿದ್ದೆ ಹೋದಳು. ಬಚ್ಚಲಲ್ಲಿ ಸವಿತಾ ಬಹಳ ಹೊತ್ತು ನೀರು ಹುಯ್ದುಕೊಳ್ಳುತ್ತಿದ್ದಳು.

ಅತ್ತೆ ಊರಿಗೆ ಹೋಗಿ ಈಗ ಬಹಳ ದಿನವಾಯಿತು. ಮೊನ್ನೆ ಮಂಜು ಬಂದು ಕೂಸನ್ನು ಎತ್ತಿಕೊಳ್ಳುತ್ತೇನೆಂದ. ಮೂರು ಮಕ್ಕಳ ತಂದೆ ಅವನು. ಮಗುವನ್ನು ಹಿಡಿಯುವ ಬಗೆಯನ್ನು ಅವನಿಗೆ ಕಾಲು ಗಂಟೆ ವಿವರಿಸಿ, ಕೊನೆಗೆ ಕೊಡದೆಯೇ ಕಳಿಸಿದೆ.