ನಮ್ಮ ಮನೆ ಡ್ರಮ್ಮು ಕೋಡಿ ಬಿದ್ದದ್ದು

ನೀರಿಲ್ಲದೆ ಬದುಕುವುದು ನಮ್ಮ ಚಿಂತಾಮಣಿಯವರಿಗೆ ನೀರು ಕುಡಿದಷ್ಟು ಸುಲಭ. ಟ್ಯಾಂಕರಿಗೆ ಫೋನ್ ಮಾಡುವುದು, ನೀರು ಬಿಡುವ ದಿನ ರಜೆ ಹಾಕುವುದು, ಎಲ್ಲವೂ ನಮಗೆ ಗೊತ್ತು. ನೀರು ಹೆಚ್ಚಾದರೆ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ಹಾಗಾಗಿ ಮಳೆ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ಶಾಲೆಯಲ್ಲಿ ಮಕ್ಕಳಿಗೆ ಜಲಚಕ್ರದ ಪಾಠ ಮಾಡುವ ಟೀಚರು. ಆದರೂ ಒಪ್ಪಿಕೊಳ್ಳುತ್ತೇನೆ, ಈ ನೀರಿನ ವ್ಯವಹಾರ ನನಗೆ ಇನ್ನೂ ಅರ್ಥವಾಗಿಲ್ಲ.

ಇನ್ನೊಂದು ತೂತು

ನಮ್ಮ ಯಜಮಾನರು ಮಳೆನೀರು ಹಿಡಿಯಲು ಒಂದು ನೀಲಿ ಡ್ರಮ್ಮು ತಂದರು. ತಾರಸಿಯಿಂದ ಇಳಿಯುವ ಪೈಪನ್ನು ಪ್ಲಂಬರ್ ಅದರೊಳಕ್ಕೆ ಬಿಟ್ಟ, ಕೆಳಗೊಂದು ನಲ್ಲಿ ಕೂರಿಸಿದ. ಆಮೇಲೆ, "ಸಾರ್, ಮೇಲೊಂದು ತೂತು ಹೊಡೀಲಾ? ತುಂಬಿದ ಮೇಲೆ ಹೆಚ್ಚಾದ ನೀರು ಎಲ್ಲಿಗೆ ಹೋಗ್ಬೇಕು?" ಅಂದ.

ನಾವೆಲ್ಲ ನಕ್ಕೆವು. ಅತ್ತೆಯಂತೂ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. "ಇದು ಚಿಂತಾಮಣಿ ಕಣಪ್ಪ! ತುಂಬೋದು ಆಮೇಲೆ, ಮೊದ್ಲು ತಳ ಒದ್ದೆ ಆಗ್ಲಿ."

ಪ್ಲಂಬರ್ ಎದುರಾಡದೆ ಡ್ರಿಲ್ಲನ್ನು ಚೀಲಕ್ಕೆ ಹಾಕಿಕೊಂಡ. ಹೋಗುವಾಗ ತನ್ನ ಫೋನ್ ನಂಬರನ್ನು ನಮ್ಮ ಗೋಡೆಯ ಮೇಲೆ ದೊಡ್ಡದಾಗಿ ಬರೆದು ಹೋದ. ನಮಗೆ ಆಗಲೇ ಅನುಮಾನ ಬರಬೇಕಿತ್ತು.

ಬಾಗಿನ

ಒಂದು ಭಾನುವಾರ ಮೊದಲ ಜೋರು ಮಳೆ ಬಂತು. ಕಾಲು ಗಂಟೆಯಲ್ಲಿ ಡ್ರಮ್ಮು ತುಂಬಿ ಉಕ್ಕಿತು. ಯಜಮಾನರು ನಂಬಲಿಲ್ಲ, ತಾರಸಿಯ ಟ್ಯಾಂಕು ಒಡೆದಿರಬೇಕೆಂದು ಕೊಡೆ ಹಿಡಿದು ಮೇಲೆ ಹತ್ತಿ ನೋಡಿ ಬಂದರು. ಟ್ಯಾಂಕು ನೆಟ್ಟಗಿತ್ತು, ಖಾಲಿಯಾಗಿಯೂ ಇತ್ತು. ಕಣ್ಣೆದುರು ನೀರು ಹರಿದು ಹೋಗುವುದನ್ನು ನೋಡಲಾಗದೆ ನಾನು ಬಕೆಟ್ಟು, ಕುಕ್ಕರ್, ಇಡ್ಲಿ ಪಾತ್ರೆ, ಕೊನೆಗೆ ಲೋಟಗಳನ್ನೂ ತುಂಬಿಸಿಟ್ಟೆ. ಅಡುಗೆಗೆ ಒಂದು ಪಾತ್ರೆಯೂ ಉಳಿಯಲಿಲ್ಲ. ತುಂಬಿದ ನೀರನ್ನು ಚೆಲ್ಲಲು ಯಾರಿಗೂ ಮನಸ್ಸಿಲ್ಲ. ಆ ಮಧ್ಯಾಹ್ನ ಮೂವರೂ ಕಡ್ಲೆಪುರಿ ತಿಂದೆವು.

ತಿಂದು ಮುಗಿಸುವಷ್ಟರಲ್ಲಿ ಅತ್ತೆ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ ಜೋಡಿಸಿಕೊಂಡು ಬಂದರು. "ಕೆರೆ ತುಂಬಿ ಕೋಡಿ ಹರಿದ್ರೆ ಬಾಗಿನ ಬಿಡಲ್ವೇನೇ? ಇದೂ ಗಂಗಮ್ಮನೇ ಕಣೇ."

ಇದು ಕೆರೆಯಲ್ಲ ಎಂದು ಹೇಳಬೇಕೆಂದುಕೊಂಡೆ. ಆದರೆ ಕೋಡಿ ಹರಿಯುತ್ತಿದ್ದದ್ದೇನೋ ನಿಜ. ಯಜಮಾನರು ಕೊಡೆ ಹಿಡಿದರು, ಅತ್ತೆ ಭಕ್ತಿಯಿಂದ ಬಾಗಿನ ಬಿಟ್ಟರು. ರವಿಕೆ ಕಣ ನೇರ ತಳಕ್ಕೆ ಹೋಗಿ ನಲ್ಲಿಯ ಬಾಯಿಗೆ ಸಿಕ್ಕಿಕೊಂಡಿತು. ಡ್ರಮ್ಮಿನ ತುಂಬ ನೀರು, ನಲ್ಲಿ ತಿರುಗಿಸಿದರೆ ಒಂದು ಹನಿ ಇಲ್ಲ.

"ಈಗ ನೋಡು, ಬೀದಿ ನಲ್ಲಿ ಥರಾನೇ ಆಯ್ತು," ಎಂದರು ಅತ್ತೆ, ಸಮಾಧಾನದಿಂದ.

ಚಪ್ಪಲಿ, ಆಮೇಲೆ ಬಾಳೆ

ಅವತ್ತು ಉಕ್ಕಿದ ನೀರು ಪಕ್ಕದ ಮನೆಯ ಅಕ್ಕನ ಅಂಗಳಕ್ಕೆ ನುಗ್ಗಿ, ಅವರ ಒಂದು ಚಪ್ಪಲಿಯನ್ನು ಬೀದಿ ಮೋರಿಯ ಪಾಲು ಮಾಡಿತ್ತು. ಅಕ್ಕ ಉಳಿದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಂದರು. "ಒಂದನ್ನ ನಿಮ್ಮ ನೀರು ತಗೊಂಡೋಯ್ತು ಕಣೇ. ಇದನ್ನ ನೀನೇ ಇಟ್ಕೋ."

ನಾನು ತಪ್ಪಾಯಿತೆಂದು ಹೇಳಿ ಗೋಡೆ ಮೇಲಿನ ನಂಬರಿಗೆ ಫೋನ್ ಮಾಡಿದೆ. "ನಾಳೆ ಬರ್ತೀನಮ್ಮ," ಅಂದ ಪ್ಲಂಬರ್. ಪ್ಲಂಬರನ ನಾಳೆ ಎಂದರೆ ಮೂರು ವಾರ. ಅಂತೂ ಬಂದು, ನಲ್ಲಿಗೆ ಸಿಕ್ಕಿದ್ದ ಕಣವನ್ನು ಎಳೆದು ತೆಗೆದು, ಮೇಲೆ ತೂತು ಹೊಡೆದು, ಪೈಪು ಹಾಕಿ, ಹೆಚ್ಚಾದ ನೀರನ್ನು ನೇರ ಮೋರಿಗೆ ಬಿಟ್ಟ. ಅಕ್ಕ ಸಂತೋಷಪಡುತ್ತಾರೆಂದು ಕಾದೆ. ಅಕ್ಕ ಮಾತು ಬಿಟ್ಟರು.

ನಮ್ಮದು ಹದಿನೆಂಟು ವರ್ಷದ ಸ್ನೇಹ. ದಿನಾ ಸಂಜೆ ಕಾಂಪೌಂಡಿನ ಆಚೆ ಅವರು, ಈಚೆ ನಾನು. ಶಾಲೆಯಲ್ಲಿ ತಲೆಗೇರಿದ ಸಿಟ್ಟೆಲ್ಲ ಇಳಿಯುತ್ತಿದ್ದದ್ದೇ ಅಲ್ಲಿ. ಅವರಿಲ್ಲದ ಆ ಗೋಡೆಯನ್ನು ನೋಡಿದರೆ ನನಗೆ ಅಳುವೇ ಬರುತ್ತಿತ್ತು. ನಾಲ್ಕು ದಿನ ತಡೆದು, ಕೊನೆಗೆ ನಾನೇ ಹೋಗಿ ಕೇಳಿದೆ.

"ನೀವು ದೊಡ್ಡೋರು ಟೀಚರಮ್ಮನವ್ರೇ," ಅಂದರು. ಅವರು ನನ್ನನ್ನು 'ನೀವು' ಎಂದದ್ದು ಅದೇ ಮೊದಲು. "ಹೆಂಗೂ ನೀರು ಬರ್ತೈತೆ ಅಂತ ಮೂರು ಬಾಳೆ ನೆಟ್ಟೆ. ಈಗ ತಿರುಗಿಸಿ ಮೋರಿಗೆ ಬಿಟ್ರಿ. ಮೋರಿಗಿಂತ ಕಡೆಯಾಗೋದ್ವಾ ನಾವು?"

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಹಾಗಾದ್ರೆ ಆ ಚಪ್ಪಲಿ ವಿಚಾರ ಏನಾಯ್ತು?" ಅಂದರು.

ನೀರಗಂಟಿ

ಅತ್ತೆ ಕೆಂಚಾರ್ಲಹಳ್ಳಿಯಲ್ಲಿರುವ ತಮ್ಮನನ್ನು ಕರೆಸಿದರು. ಅತ್ತೆಯ ತವರಿನವರು ತಲೆಮಾರುಗಳಿಂದ ನೀರಗಂಟಿಗಳು. ಕೆರೆಯ ತೂಬು ತೆಗೆದು, ಯಾರ ಗದ್ದೆಗೆ ಯಾವಾಗ ನೀರು ಎಂದು ಹಂಚುತ್ತಿದ್ದವರು.

ಯಜಮಾನರ ಆ ಸೋದರಮಾವ ಕೋಲೂರಿಕೊಂಡು ಡ್ರಮ್ಮಿನ ಸುತ್ತ ಮೂರು ಸಲ ಬಂದರು. ನಲ್ಲಿ ಮುಟ್ಟಿ "ಇದು ತೂಬು" ಅಂದರು. ಮೇಲಿನ ಪೈಪು ಮುಟ್ಟಿ "ಇದು ಕೋಡಿ" ಅಂದರು. ಆಮೇಲೆ ತೀರ್ಪು: "ತೂಬಿನ ನೀರು ನಿಮ್ದು. ಕೋಡಿ ಬಿದ್ದ ನೀರು ಕೆಳಗಿನೋರ್ದು. ಮೋರಿಗೆ ಬಿಡೋದು ತಪ್ಪಮ್ಮ."

ಸುದ್ದಿ ಹರಡಿ ಎದುರು ಮನೆಯಾಕೆ, ಮೂಲೆ ಮನೆಯಾಕೆ ಇಬ್ಬರೂ "ನಾವೂ ಕೆಳಗಿನೋರೇ" ಅಂತ ಬಂದರು. ಮಾವ ಮೋರಿಗಿದ್ದ ಪೈಪನ್ನು ಅಂಗಳದ ಕಡೆ ತಿರುಗಿಸಿ ಸರದಿ ಹಾಕಿದರು: ಒಂದು ಮಳೆ ಅಕ್ಕನಿಗೆ, ಆಮೇಲಿನದು ಎದುರು ಮನೆಗೆ, ಅದರ ಮುಂದಿನದು ಮೂಲೆ ಮನೆಗೆ. ಅಕ್ಕ ಮಾವನಿಗೆ ಕೈಮುಗಿದು, ನನ್ನ ಮುಖ ನೋಡದೆ ಹೋದರು. ನಮ್ಮ ಡ್ರಮ್ಮಿನಲ್ಲಿ ನಮಗಿದ್ದದ್ದು ಇನ್ನು ತೂಬು ಮಾತ್ರ. ಅದರಲ್ಲಿ ರವಿಕೆ ಕಣದ ಒಂದು ದಾರ ಇನ್ನೂ ಸಿಕ್ಕಿಕೊಂಡಿತ್ತು.

ಸರದಿ

ಮುಂದಿನ ವಾರ ಶಾಲೆ ಬಿಟ್ಟು ಮಳೆಯಲ್ಲಿ ನೆನೆಯುತ್ತ ಬಂದರೆ ಅಂಗಳದಲ್ಲಿ ಮೂವರು ಹೆಂಗಸರು, ಮೂರು ಕೊಡೆ, ಆರು ಕೊಡ. ಬೆಳಗ್ಗೆ ಬಿದ್ದ ನಾಲ್ಕು ಹನಿ ಒಂದು ಮಳೆಯ ಲೆಕ್ಕವೋ ಅಲ್ಲವೋ ಎಂದು ಜಗಳ.

"ಅದೂ ಒಂದು ಮಳೆನಾ? ನನ್ನ ಸರದಿ ಇನ್ನೂ ಹೋಗಿಲ್ಲ," ಅಂದರು ಅಕ್ಕ.

"ನಮ್ಮ ಬಾಗಿಲ ರಂಗೋಲಿ ಅಳಿಸೋಗೈತೆ. ಮಳೆ ಅಲ್ದೆ ಇನ್ನೇನು? ಇದು ನಮ್ದು," ಅಂದರು ಎದುರು ಮನೆಯಾಕೆ.

ಮೂಲೆ ಮನೆಯಾಕೆ ಮಾತಾಡದೆ ತಮ್ಮ ಕೊಡವನ್ನು ಒಂದೊಂದೇ ಗೇಣು ಪೈಪಿನ ಕಡೆ ಸರಿಸುತ್ತಿದ್ದರು.

ಡ್ರಮ್ಮು ಇನ್ನೂ ತುಂಬಿರಲಿಲ್ಲ. ಮೂವರೂ ಅದನ್ನೇ ನೋಡುತ್ತ ನಿಂತಿದ್ದರು. ನಾನು ಬೀದಿಯ ಕಡೆ ನೋಡಿದೆ. ಅಕ್ಕನ ತಾರಸಿ ಪೈಪು, ಎದುರು ಮನೆಯದು, ಮೂಲೆ ಮನೆಯದು, ಮೂರರಿಂದಲೂ ನೀರು ಧೋ ಎಂದು ಸುರಿದು ಮೋರಿ ಸೇರುತ್ತಿತ್ತು. ಕೇಳಲೋ ಬೇಡವೋ? ಕೇಳಿದರೆ ಅಕ್ಕ ಇನ್ನು ಜನ್ಮದಲ್ಲಿ ಮಾತಾಡಲಿಕ್ಕಿಲ್ಲ ಎಂದು ಭಯವಾಯಿತು. ಆದರೂ ಟೀಚರ ಬಾಯಿ, ಸುಮ್ಮನಿರಲಿಲ್ಲ.

"ಅಕ್ಕ, ನಿಮ್ಮ ತಾರಸಿ ಮೇಲೂ ಇದೇ ಮಳೆ ಬೀಳ್ತಾ ಇದೆಯಲ್ಲ? ಕೊಡ ಅಲ್ಲೇ ಇಟ್ರೆ ಆಗಲ್ವಾ?"

ಮೂವರೂ ತಿರುಗಿ ತಮ್ಮ ತಮ್ಮ ತಾರಸಿ ನೋಡಿದರು. ಆಮೇಲೆ ಅಕ್ಕ ನನ್ನ ಹತ್ತಿರ ಬಂದು, ನೆನೆಯುತ್ತಿದ್ದ ನನ್ನ ತಲೆಯ ಮೇಲೆ ತಮ್ಮ ಕೊಡೆ ಹಿಡಿದು, ಎಷ್ಟೋ ದಿನಗಳ ಮೇಲೆ ನನ್ನ ಮುಖ ನೋಡಿದರು.

"ಇಷ್ಟು ಓದಿದ್ದೀಯ, ಇಷ್ಟೂ ತಿಳಿಯಲ್ವೇನೇ? ಅದು ಬರೀ ಮಳೆ ಕಣೇ. ಇದು ನನ್ನ ಪಾಲು!"